ಮೇಲ್ಮನೆಯ ಲೈನಿಗೆ ಎರಡು ಸುತ್ತು

ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವುದು ಅವರ ಕಸುಬು. ಹಾಗಾಗಿ ಬೀದಿಗೆಲ್ಲ ಅವರು ವೈಂಡಿಂಗ್ ಮಾವ. ಯಾರಾದರೂ ಮೋಟಾರು ತಂದು “ತಾನಾಗೇ ಸುಟ್ಟುಹೋಯ್ತು” ಎಂದರೆ, ಮಾವ ಮೋಟಾರನ್ನು ಬಿಟ್ಟು ತಂದವನ ಮುಖ ನೋಡುತ್ತಿದ್ದರು. “ತಾನಾಗಿ ಸುಡೋನು ಸೂರ್ಯ ಒಬ್ಬನೇ.” ಆ ಅನುಮಾನ ಕಸುಬಿಗೆ ಒಳ್ಳೆಯದೇ ಆಗಿತ್ತು. ಅಂಗಡಿ ಮುಚ್ಚಿದ ಮೇಲೆ ಅದು ಮನೆಗೆ ಬಂದು ಕೂತಿತು.

ಕೆಳಗೆ ಮಾವ ಮತ್ತು ಅವರ ಹೆಂಡತಿ. ಮೇಲ್ಮನೆಯಲ್ಲಿ ಮಗಳು, ಅಳಿಯ. ಮಗಳು ದೊಡ್ಡ ಕರೆಂಟ್ ಓವನ್ನಿನಲ್ಲಿ ಬ್ರೆಡ್ ಮಾಡುತ್ತಿದ್ದಳು, ಅಳಿಯ ಅದನ್ನು ಸ್ಕೂಟರಿನಲ್ಲಿ ಅಂಗಡಿಗಳಿಗೆ ಹಂಚುತ್ತಿದ್ದ.

ಮಾವ ಕರೆಂಟು ಅಳೆಯುವ ಹೊಸ ಯಂತ್ರವೊಂದನ್ನು ತಂದು ಸ್ವಿಚ್ಚುಗಳ ಪೆಟ್ಟಿಗೆಯೊಳಗೆ ಕೂರಿಸಿದರು. ಹೆಚ್ಚು ಕರೆಂಟು ಎಳೆಯುವ ಒಂದೊಂದು ಲೈನಿಗೂ ಬಳೆಯಂಥ ಒಂದು ಕ್ಲಾಂಪು. ಅದು ಕಂಡದ್ದೆಲ್ಲ ಫೋನಿಗೆ ಬರುತ್ತದೆ. ಗೀಸರಿನ ತಂತಿಯನ್ನೂ ಪಂಪಿನ ತಂತಿಯನ್ನೂ ಕ್ಲಾಂಪಿನಲ್ಲಿ ಒಂದೊಂದು ಸಲ ಹಾಯಿಸಿದರು. ಮೇಲ್ಮನೆಯ ತಂತಿಯನ್ನು ಮಾತ್ರ, ಅಲ್ಲಿನ ಸಣ್ಣ ಕರೆಂಟೂ ಕಣ್ಣು ತಪ್ಪಿಸಬಾರದೆಂದು, ಅಂಗಡಿಯ ಅಭ್ಯಾಸದಂತೆ ಎರಡು ಸುತ್ತು ಹಾಯಿಸಿದರು.

ಓವನ್ ಉರಿಯುವಾಗ ಫೋನು ತೋರಿಸಿದ್ದು ಇಪ್ಪತ್ತೆಂಟು ಆಂಪಿಯರ್. ಓವನ್ನಿನ ಬೆನ್ನ ಮೇಲಿನ ತಗಡಿನಲ್ಲಿದ್ದದ್ದು ಹದಿನಾಲ್ಕು. ಉಳಿದದ್ದು ಎಲ್ಲಿಗೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಾರಸಿಯಿಂದ ಪಕ್ಕದ ಇಸ್ತ್ರಿ ಅಂಗಡಿಯ ಮಾಡಿಗೆ ಕಪ್ಪು ವೈರೊಂದು ಹೋಗಿತ್ತು. ಮೇಲಾಗಿ, ಅಳಿಯನ ಅಂಗಿಯ ತೋಳಿನಲ್ಲಿ ಇತ್ತೀಚೆಗೆ ಚಾಕುವಿನಂಥ ಗೆರೆ.

“ಅಳಿಯಂದಿರ ಅಂಗಿ ಬಹಳ ಗರಿಗರಿ,” ಎಂದರು ಮಾವ, ಊಟಕ್ಕೆ ಕೂತಾಗ.

“ಇಸ್ತ್ರಿಯವರು ಮಾಡಿಕೊಡ್ತಾರೆ ಮಾವ. ನಾನು ಮಿಕ್ಕಿದ ಬ್ರೆಡ್ ಕೊಡ್ತೀನಿ.”

“ಬ್ರೆಡ್ ಮಾತ್ರಾನಾ?”

“ಮತ್ತೇನು ಕೊಡಲಿ?”

“ಲೈನು.”

ಅಳಿಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ಮಗಳು ಎದ್ದು ನಿಂತಳು. “ಅಪ್ಪ, ಕಳ್ಳರು ಅನ್ನಿಸಿಕೊಂಡು ನಾವಿಲ್ಲಿ ಇರಲ್ಲ. ಬೇರೆ ಮನೆ ನೋಡ್ತೀವಿ.”

“ನೋಡಿ. ಕರೆಂಟು ಎಲ್ಲಿಗೆ ಹೋಗ್ತಿದೆ ಅಂತ ಹೇಳಿ ಹೋಗಿ.”

ಮರುದಿನ ಓವನ್ನಿನಲ್ಲಿ ಬ್ರೆಡ್ ಬೇಯುತ್ತಿದ್ದಾಗಲೇ ಮಾವ ಎಲ್ಲರನ್ನೂ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಫೋನನ್ನು ಎತ್ತಿ ಹಿಡಿದರು. ಇಪ್ಪತ್ತೆಂಟು.

“ರೀ, ಮೇಲ್ಮನೆಯ ಸ್ವಿಚ್ಚು ಎಷ್ಟರದ್ದು?” ಹೆಂಡತಿ ಕೇಳಿದರು.

“ಹದಿನಾರು. ನಾನೇ ಹಾಕಿದ್ದು. ಮೀರಿದ್ರೆ ಬೀಳತ್ತೆ.”

“ಹೋದ ತಿಂಗಳು ಓವನ್ ಜೊತೆ ಹೀಟರ್ ಹಾಕಿದ್ದಕ್ಕೆ ಬಿತ್ತಲ್ಲ. ಈಗ ಬೆಳಗಿಂದ ಇಪ್ಪತ್ತೆಂಟು ಹರೀತಿದ್ರೂ ಯಾಕೆ ನಿಂತಿದೆ? ಅದೂ ಅಳಿಯನ ಕಡೆಯದೇನು?”

ಮಾವ ಫೋನನ್ನು ಜೇಬಿಗಿಳಿಸಿದರು. ಮೇನ್ ಆರಿಸಿ, ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. ಅಳಿಯ ಟಾರ್ಚು ಹಿಡಿದ. ಬೆಳಕು ನೇರವಾಗಿ ಕ್ಲಾಂಪಿನ ಮೇಲೆ ಬಿತ್ತು. ತಂತಿ ಎರಡು ಸಲ ಹಾದಿತ್ತು. ಅಂಗಡಿಯಲ್ಲಿ ಹೀಗೆ ಹಾಯಿಸಿದಾಗ, ಕಂಡ ಅಂಕಿಯನ್ನು ಮನಸ್ಸಿನಲ್ಲೇ ಅರ್ಧ ಮಾಡಿಕೊಳ್ಳುತ್ತಿದ್ದರು. ಈ ಯಂತ್ರಕ್ಕೆ ಆ ಅರ್ಧದ ಮಾತನ್ನು ಯಾರು ಹೇಳಿದ್ದರು?

ಒಂದು ಸುತ್ತು ಸದ್ದಿಲ್ಲದೆ ತೆಗೆದು, ಯಂತ್ರ ಕೆಟ್ಟಿತ್ತು ಎಂದರೆ ಮುಗಿಯಿತು. ಅವರು ಓರೆಗಣ್ಣಿನಲ್ಲಿ ಅಳಿಯನನ್ನು ನೋಡಿದರು. ಇವನಿಗೆ ತಿಳಿದಿದೆಯೇ? ಟಾರ್ಚು ಅಲುಗಲಿಲ್ಲ.

“ಅಳಿಯಂದಿರೇ, ಎಷ್ಟು ಸುತ್ತಿದೆ?”

“ಎರಡು.”

“ಅದಕ್ಕೇ ಎರಡರಷ್ಟು ತೋರಿಸಿದೆ. ಸುತ್ತಿದೋನು ನಾನು. ನಿಮ್ಮ ಮೇಲೆ ಹಾಕಿದ್ದು ತಪ್ಪು.”

ಒಂದು ಸುತ್ತು ಬಿಚ್ಚಿ ಮೇನ್ ಹಾಕಿದರು. ಹದಿನಾಲ್ಕು.

ಮಗಳು ಮೇಲೆ ಹೋದಳು. ಕರೆಂಟು ಹೋಗಿದ್ದರಿಂದ ನಡುವೆ ಕುಸಿದು ಕೂತ ಬ್ರೆಡ್ಡೊಂದನ್ನು ತಟ್ಟೆಯಲ್ಲಿಟ್ಟು ತಂದಳು. “ಇದನ್ನ ಯಾವ ಅಂಗಡಿಯವರೂ ತಗೊಳ್ಳಲ್ಲ. ನೀವೇ ತಿನ್ನಿ. ಪೂರ್ತಿ ಮುಗಿಸಿದ್ರೆ ಮನೆ ಹುಡುಕೋದು ಬಿಡ್ತೀವಿ.”

ಮಾವ ತಾರಸಿಗೆ ಹೋಗಿ ಕೂತು ಅಗಿಯತೊಡಗಿದರು. ಬ್ರೆಡ್ಡು ರಬ್ಬರಿನ ಹಾಗಿತ್ತು. ಅಳಿಯ ನೀರು ತಂದಿಟ್ಟ.

“ಆ ಕಪ್ಪು ವೈರು?” ಮಾವ ಮೆಲ್ಲಗೆ ಕೇಳಿದರು.

“ಬಟ್ಟೆ ಒಣಗಿಸೋದಕ್ಕೆ ಕಟ್ಟಿದ್ದು, ಮಾವ.”

ವೈರಿನ ಮೇಲೆ ಇಸ್ತ್ರಿಯವನ ನಾಲ್ಕು ಪಂಚೆ ಹಾರಾಡುತ್ತಿದ್ದವು. ಎದ್ದು ಹೋಗಿ ಅದರ ಇನ್ನೊಂದು ತುದಿ ನೋಡಿಬರಲು ಮಾವನ ಕಾಲು ತುಡಿಯಿತು. ಬ್ರೆಡ್ಡಿನ ಇನ್ನೊಂದು ತುಂಡನ್ನು ಮುರಿದು ಬಾಯಿಗೆ ಹಾಕಿಕೊಂಡರು.