ನರಸೀಪುರದ ಸೆಟ್ಟಿಂಗ್ ಫೈಲು

ಜಗನ್ ಮಾತಾಡಿದ್ದಕ್ಕಿಂತ ಟೈಪ್ ಮಾಡಿದ್ದೇ ಹೆಚ್ಚು. ಬದನವಾಳಿನ ಈ ಹುಡುಗ ನಮ್ಮ ಬಿತ್ತನೆ ಬೀಜದ ಕಂಪನಿಗೆ ಸೇರಿದ್ದು ಎರಡು ಸಾವಿರದ ನಾಲ್ಕರಲ್ಲಿ. ನಂಜನಗೂಡು, ನರಸೀಪುರ ಎರಡೂ ಶಾಖೆಗೆ ಅವನೇ ಜಾವಾದಲ್ಲಿ ಪ್ರೋಗ್ರಾಂ ಬರೆದ. ನಾನು ಸರ್ವಮಂಗಳಾ, ನಂಜನಗೂಡಿನ ಹೆಡ್ ಕ್ಲರ್ಕು. ಕಂಪ್ಯೂಟರ್ ಕಂಡರೆ ನನಗೆ ಮೈ ಉರಿ. ಅಂಥವಳಿಗೂ ತಾಳ್ಮೆಯಿಂದ ಬಿಡಿಸಿ ಹೇಳಿದ.

"ಪ್ರೋಗ್ರಾಂ ಎರಡೂರ್ಗೂ ಒಂದೇ ಮೇಡಂ. ಊರಿನ ಎಸ್ರು, ಮೊದ್ಲು ಕಾಣೋ ಸಾಲು, ಇವೆಲ್ಲ ಬ್ಯಾರೆ ಸೆಟ್ಟಿಂಗ್ ಫೈಲಲ್ಲಿ ಅವೆ. ಶುರುವಾಗೋವಾಗ ಅದನ್ನ ಓದ್ಕತದೆ. ಆ ಫೈಲ್ ತಿದ್ದುದ್ರೆ ಸಾಕು, ಪ್ರೋಗ್ರಾಂ ಮುಟ್ಟಂಗೇ ಇಲ್ಲ."

ನರಸೀಪುರದ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಇಂದ್ರಾಣಿ ಒಬ್ಬಳೇ. ಮೂಗೂರಿನಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದಳು. ಜಗನ್‌ಗೆ ಅವಳೆಂದರೆ ಪ್ರಾಣ, ಹೇಳಲು ಮಾತ್ರ ಬಾಯಿಲ್ಲ. ಪುಣ್ಯಾತ್ಮ, ಅಲ್ಲಿನ ಫೈಲಿನಲ್ಲಿ "ಸ್ವಾಗತ" ಅಳಿಸಿ "ತಿಂಡಿ ಆಯ್ತಾ?" ಎಂದು ಬರೆದಿಟ್ಟಿದ್ದ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಪರದೆ ಅವಳನ್ನು ಹಾಗೆ ಕೇಳುತ್ತಿತ್ತು. ಅವಳೂ ಏನೂ ಹೇಳಲಿಲ್ಲ, ಇವನೂ ಬಾಯಿಬಿಡಲಿಲ್ಲ.

ಒಂದು ಶನಿವಾರ ಎರಡೂ ಕಡೆ ಹೊಸ ಪ್ರೋಗ್ರಾಂ ಹಾಕುವಾಗ ಇವನ ಕೈತಪ್ಪಿ ಫೈಲುಗಳು ಅದಲುಬದಲಾದವು. ಸೋಮವಾರ ನಮ್ಮ ಕಂಪ್ಯೂಟರುಗಳ ತುಂಬ "ತಿ. ನರಸೀಪುರ ಶಾಖೆ. ತಿಂಡಿ ಆಯ್ತಾ?" ಯಾರಿಗೆ ಬರೆದದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮ್ಯಾನೇಜರ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜಗನ್ ಮುಖ ಬಿಳಿಚಿಕೊಂಡಿತು. "ಆ ಎಣ್ಮಗಳ ಮರ್ಯಾದೆ ಕಳುದ್ಬುಟ್ಟೆ ಮೇಡಂ. ಅವಳ್ಗೆ ಮುಖ ತೋರ್ಸಂಗಿಲ್ಲ. ಕೆಲ್ಸ ಬುಟ್ಟೋಯ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ಮನಸ್ಸಲ್ಲಿರೋದು ಹೇಳ್ದೆ ಓಡೋಯ್ತೀಯೇನೋ? ನಡಿ!" ಎಂದು ಅರ್ಧ ದಿನ ರಜೆ ಹಾಕಿಸಿ, ನಾನೇ ನರಸೀಪುರದ ಬಸ್ಸು ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವನು ಬಸ್ ಟಿಕೆಟ್ಟನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದ. ಪಾಪ, ಅಷ್ಟು ಬೈಯಬಾರದಿತ್ತು ಅನ್ನಿಸಿತು.

ಇಂದ್ರಾಣಿ ನಮ್ಮನ್ನು ಕಂಡು ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು. ಅಯ್ಯೋ, ಸುದ್ದಿ ಇಲ್ಲಿಗೂ ಮುಟ್ಟಿದೆ ಎಂದುಕೊಂಡೆ. ಜಗನ್ ತಲೆ ತಗ್ಗಿಸಿ, "ತಪ್ಪಾಯ್ತು ಕಣ್ರೀ. ಇನ್ಮೇಲೆ ಅಂಗೆ ಬರಿಯಲ್ಲ" ಎಂದ.

ಅವಳಿಗೆ ನಮ್ಮ ಆಫೀಸಿನ ನಗೆಯ ವಿಷಯ ಗೊತ್ತೇ ಇರಲಿಲ್ಲ.

"ಬೆಳಿಗ್ಗೆ ನೋಡುದ್ರೆ ಬರೀ ಸ್ವಾಗತ ಅಂತ ಬಂತು, ಮೇಲೆ ನಂಜನಗೂಡು ಅಂತ ಬೇರೆ. ನಾನು ಬ್ಯಾಡ್ವಾದ್ನೇನೋ ಅಂದ್ಕಂಡೆ. ಈಗ ಅಷ್ಟು ದೂರದಿಂದ ಬಂದು ಬರಿಯಲ್ಲ ಅಂತೀರಾ?"

ಜಗನ್‌ಗೆ ಆಗ ಬಾಯಿ ಬಂತು.

"ಅವ್ವನ್ನ ಕರ್ಕಂಡು ನಿಮ್ಮನೇಗೆ ಬರ್ಲಾ?"

ಇಂದ್ರಾಣಿ ವೇಲಿನಲ್ಲಿ ಕಣ್ಣೊರೆಸಿಕೊಂಡು, "ಇಷ್ಟ್ ದಿನ ಯಾಕ್ ಕೇಳ್ನಿಲ್ಲ?" ಎಂದಳು.