ಮಧ್ಯಾಹ್ನದ ಸೂಜಿ

ನನ್ನ ಸೊಸೆ ಶೀತಲ್ ಗದಗಿನವಳು. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಅವಳಿಗೆ ಕೆಲಸ. ಹಲಸೂರಿನ ನಮ್ಮ ಮನೆಗೆ ಬಂದು ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ಅವಳು ಒಂದು ಸಲವೂ ನನ್ನ ಮಾತು ಮೀರಿದವಳಲ್ಲ. ಮೀರಿದ್ದರೆ ಚೆನ್ನಾಗಿತ್ತು.

ಅವಳ ಮಗಳು ಶಾಂಭವಿಗೆ ಐದು ವರ್ಷ. ಹೋದ ಫೆಬ್ರವರಿಯಲ್ಲಿ ಮಗುವಿಗೆ ವಿಪರೀತ ದಾಹ ಶುರುವಾಯಿತು. ಶಾಲೆಯಿಂದ ಬಂದವಳೇ ಎರಡು ಚೊಂಬು ನೀರು ಕುಡಿಯುತ್ತಿದ್ದಳು. ಹಾಸಿಗೆ ಒದ್ದೆ ಮಾಡುವುದು ನಿಂತು ಎರಡು ವರ್ಷವಾಗಿತ್ತು, ಅದೂ ಮತ್ತೆ ಶುರುವಾಯಿತು. ಬಿಸಿಲು ಆಗಲೇ ಏರಿತ್ತು. ನಾನು ಉಷ್ಣ ಎಂದುಕೊಂಡೆ. ಉಷ್ಣಕ್ಕೆ ನಮ್ಮ ಮನೆಯಲ್ಲಿ ಮೊದಲಿನಿಂದ ಮಾಡುವುದು ಒಂದೇ: ಕಾಮಕಸ್ತೂರಿ ಬೀಜ ನೆನೆಸಿ, ಕಲ್ಲುಸಕ್ಕರೆ ಕರಗಿಸಿ ಕುಡಿಸುವುದು. ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ ಕೊಟ್ಟೆ. ಲೋಟಕ್ಕೆ ಎರಡು ಚಮಚ ಕಲ್ಲುಸಕ್ಕರೆ.

ಮೂರನೆಯ ದಿನ ಶೀತಲ್ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು.

"ಅತ್ತಿ, ಕೂಸು ಹಿಂಗ್ಯಾಕ ನೀರ ಕುಡ್ಯಾಕತ್ತೈತಿ? ಒಮ್ಮೆ ಡಾಕ್ಟರಿಗೆ ತೋರಸೂಣೇನ್ರಿ?"

"ಉಷ್ಣ ಕಣಮ್ಮ. ನಿನ್ನ ಗಂಡಂಗೂ ಚಿಕ್ಕೋನಿದ್ದಾಗ ಹಿಂಗೇ ಆಗ್ತಿತ್ತು. ವಾರದಲ್ಲಿ ಸರಿಹೋಗುತ್ತೆ, ನೀನು ಹೊರಡು."

ಅವಳು ಹೊರಟಳು.

ನಾಲ್ಕನೆಯ ದಿನ ತಾರಸಿಯ ಮೇಲೆ ಹಾಸಿಗೆ ಬಟ್ಟೆ ಹರವಿದ್ದೆ. ಪಕ್ಕದ ಮನೆಯ ಜಹನಾರಾ ಹೊಲಿಗೆ ಕೆಲಸದವಳು, ಬಟ್ಟೆಯ ಮೇಲೆ ಕಣ್ಣು ಜಾಸ್ತಿ. "ಆಂಟೀ, ಚಾದರ್ ತುಂಬಾ ಇರುವೆ ನೋಡಿ. ಎಷ್ಟ್ ಸಾಲು!" ಎಂದಳು. ಪಾನಕ ಚೆಲ್ಲಿರಬೇಕು ಎಂದು ನಾನು ಬಟ್ಟೆ ಕೊಡವಿ ಮತ್ತೆ ಹಾಕಿದೆ. ಪಾನಕದ ಲೋಟ ಅಡಿಗೆಮನೆ ದಾಟಿ ಹಾಸಿಗೆಯ ಹತ್ತಿರ ಹೋದದ್ದೇ ಇರಲಿಲ್ಲ. ಇರುವೆ ಮುತ್ತಿದ್ದು ಮಗು ಒದ್ದೆ ಮಾಡಿದ ಜಾಗಕ್ಕೆ ಎಂದು ನನಗೆ ಆಸ್ಪತ್ರೆಯಲ್ಲಿ ಕುಳಿತಾಗ ಹೊಳೆಯಿತು.

ಏಳನೆಯ ದಿನ ಬೆಳಿಗ್ಗೆ ಮಗು ವಾಂತಿ ಮಾಡಿಕೊಂಡಳು. ಓಡಿ ಬಂದವಳ ಹಾಗೆ ಉಸಿರು ಎಳೆಯುತ್ತಿದ್ದಳು, ಕರೆದರೆ ಕಣ್ಣು ಪೂರಾ ಬಿಡುತ್ತಿರಲಿಲ್ಲ. ಆಟೋದಲ್ಲಿ ಕರೆದುಕೊಂಡು ಹೋದೆವು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರು. ಐನೂರ ನಲವತ್ತು ಎಂದರು. ಸಕ್ಕರೆ ಕಾಯಿಲೆ. ಐದು ವರ್ಷದ ಕೂಸಿಗೆ.

"ಏನೇನು ಕೊಡ್ತಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು. ನಾನೇ ಹೇಳಿದೆ, ಎಷ್ಟು ದಿನ, ಎಷ್ಟು ಲೋಟ, ಎಷ್ಟು ಚಮಚ.

"ಈ ಕಾಯಿಲೆ ನಿಮ್ಮಿಂದ ಬಂದಿದ್ದಲ್ಲ ಅಜ್ಜಿ. ಮೈಯಲ್ಲಿ ಇನ್ಸುಲಿನ್ ಹುಟ್ಟೋದೇ ನಿಂತಿದೆ. ಯಾರ ತಪ್ಪೂ ಇಲ್ಲ. ಆದ್ರೆ ನಾಲ್ಕು ದಿನ ಮುಂಚೆ ಬಂದಿದ್ರೆ ಮಗು ಇಷ್ಟು ಒದ್ದಾಡ್ತಿರ್ಲಿಲ್ಲ."

ನಾಲ್ಕು ದಿನ ಹಿಂದಕ್ಕೆ ಎಣಿಸಿದರೆ ಶೀತಲ್ ಬಾಗಿಲಲ್ಲಿ ಕೇಳಿದ ದಿನಕ್ಕೆ ಬರುತ್ತದೆ. ಅವಳೂ ಎಣಿಸಿರಬೇಕು.

ಮನೆಗೆ ಬಂದ ಮೇಲೂ ಅವಳು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಅವಳು ಮಾಡಿದ್ದು ಬೇರೆ: ಮಗುವಿನ ಊಟ, ಸೂಜಿ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಳು. ದಿನಕ್ಕೆ ನಾಲ್ಕು ಸೂಜಿ. ನನ್ನ ಮಗ ಪ್ರವೀಣ ಕೆ.ಆರ್. ಪುರದ ಹತ್ತಿರ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು, ಸೂಜಿ ಕಂಡರೆ ಗೋಡೆ ಹಿಡಿದುಕೊಳ್ಳುತ್ತಾನೆ. "ಅಪ್ಪಾ, ನಂಗೆ ಚುಚ್ಚೋದು, ನೀನ್ಯಾಕೆ ಅಳ್ತೀಯ?" ಎಂದು ಮಗುವೇ ಅವನನ್ನು ಆಡಿಕೊಳ್ಳುತ್ತಿತ್ತು.

ಬೆಳಿಗ್ಗೆಯದು, ರಾತ್ರಿಯವು ಹೇಗೋ ನಡೆದವು. ಕಷ್ಟವಾದದ್ದು ಮಧ್ಯಾಹ್ನದ್ದು. ಹನ್ನೆರಡೂವರೆಗೆ ನಾನು ಶಾಲೆಯಿಂದ ಮಗುವನ್ನು ಕರೆತರುತ್ತೇನೆ. ಒಂದು ಗಂಟೆಗೆ ಶೀತಲ್ ಕಚೇರಿಯಿಂದ ಮೆಟ್ರೋ ಹತ್ತಿ ಒಂದು ಸ್ಟೇಷನ್ ಬಂದು, ನಡೆದು, ಸೂಜಿ ಹಾಕಿ, ಉಣ್ಣಿಸಿ, ತಾನು ಉಣ್ಣದೆ ತಿರುಗಿ ಹೋಗಬೇಕಿತ್ತು. ಬೇಸಿಗೆ ರಜೆಯಲ್ಲೂ ಈ ಓಡಾಟ ತಪ್ಪಲಿಲ್ಲ, ಹೀಗೆ ಮೂರು ತಿಂಗಳು ನಡೆಯಿತು. ಒಂದು ದಿನ ಕಚೇರಿಗೆ ತಿರುಗಿ ಹೋಗುವಾಗ ನಿದ್ದೆ ಹತ್ತಿ ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಯಲ್ಲಿ ಇಳಿದಳಂತೆ. ಕಚೇರಿಯ ಸಾಹೇಬರು ಎರಡು ಸಲ ಕರೆದು ಎಚ್ಚರಿಸಿದರಂತೆ.

"ನಂಗೆ ಕಲಿಸಮ್ಮ, ಮಧ್ಯಾಹ್ನದ್ದು ನಾನು ಹಾಕ್ತೀನಿ" ಎಂದೆ.

"ನೋಡೂಣ್ರಿ" ಎಂದಳು. ಇನ್ನೊಂದು ಸಲ ಕೇಳಿದಾಗಲೂ ಅಷ್ಟೇ ಹೇಳಿದಳು. ಮೇ ತಿಂಗಳ ಕೊನೆಗೆ, ಕೆಲಸ ಬಿಡುವ ಪತ್ರ ಬರೆದಾಗಿದೆ, ಸೋಮವಾರ ಕೊಡುತ್ತಾಳೆ ಎಂದು ಪ್ರವೀಣನಿಂದ ತಿಳಿಯಿತು. ಓದಿ, ಅಪ್ಪನೊಡನೆ ಜಗಳವಾಡಿ ಹಿಡಿದ ಕೆಲಸ ಅದು. ನನ್ನ ಕೈಗೆ ಮಗುವನ್ನು ಬಿಡಲಾರದೆ ಅದನ್ನು ಬಿಡುತ್ತಿದ್ದಾಳೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಜಹನಾರಾಳ ಅತ್ತೆಗೂ ಇನ್ಸುಲಿನ್. ಮೂರು ವಾರದಿಂದ ದಿನಾ ಬೆಳಿಗ್ಗೆ, ಶೀತಲ್ ಕಚೇರಿಗೆ ಹೊರಟ ಮೇಲೆ, ನಾನು ಅಲ್ಲಿಗೆ ಹೋಗುತ್ತಿದ್ದೆ. ಮೊದಲು ನೋಡಿದೆ, ಆಮೇಲೆ ಜಹನಾರಾ ಪಕ್ಕದಲ್ಲಿ ನಿಂತು ನನ್ನ ಕೈಲೇ ಹಾಕಿಸಿದಳು. ಇನ್ಸುಲಿನ್ ತುಂಬಿದ ಪೆನ್ನಿನ ಅಂಕೆ ತಿರುಗಿಸುವುದು, ಮೊದಲು ಎರಡು ಯೂನಿಟ್ ಗಾಳಿಗೆ ಬಿಡುವುದು, ಚುಚ್ಚಿ ಹತ್ತು ಎಣಿಸುವುದು. ಮೊದಲ ದಿನ ನಾನು ಸೂಜಿ ಜೋರಾಗಿ ಒತ್ತಿದಾಗ ಆ ಮುದುಕಿ, "ಕ್ಯಾ ಜೀ, ಸೊಸೆ ಮೇಲಿನ ಕೋಪ ನನ್ ಹೊಟ್ಟೆ ಮೇಲಾ?" ಎಂದು ನಕ್ಕಳು. ನನಗೂ ಎಷ್ಟೋ ದಿನದ ಮೇಲೆ ನಗು ಬಂತು.

ಆ ಶುಕ್ರವಾರ ಮಧ್ಯಾಹ್ನ ಶೀತಲ್ ಬಂದು ಚಪ್ಪಲಿ ಬಿಡಲು ಹೊಸಿಲಲ್ಲಿ ಕುಳಿತಳು. ಬಾಗಿಲ ಚೌಕಟ್ಟಿಗೆ ತಲೆ ಕೊಟ್ಟವಳು ಹಾಗೇ ನಿದ್ದೆ ಹೋದಳು. ಒಂದು ಚಪ್ಪಲಿ ಕಾಲಲ್ಲೇ ಇತ್ತು. ಶಾಂಭವಿ ತಾನೇ ಬೆರಳು ಚುಚ್ಚಿಕೊಂಡು ಯಂತ್ರಕ್ಕೆ ಹನಿ ಹಚ್ಚಿದಳು. ಅಷ್ಟು ಅವಳಿಗೆ ಬರುತ್ತದೆ. ನೂರ ಅರವತ್ತೆರಡು.

"ಅಜ್ಜೀ, ಅಮ್ಮ ಮಲ್ಕೊಳ್ಳಲಿ. ನೀನೇ ಹಾಕ್ಬಿಡು" ಎಂದಳು ಮಗು, ಪಿಸುಮಾತಿನಲ್ಲಿ.

ಹಾಕಬಹುದಿತ್ತು. ಕೈಗೆ ಬಂದಿತ್ತು. ಆದರೆ ನನಗೆ ಗೊತ್ತು ಎಂದುಕೊಂಡೇ ನಾನು ಏಳು ದಿನ ಲೋಟ ಕೊಟ್ಟಿದ್ದೆ. ಅವಳ ಭುಜ ಮುಟ್ಟಿ ಎಬ್ಬಿಸಿದೆ.

"ನೂರ ಅರವತ್ತೆರಡು ಬಂದಿದೆ. ಒಂದು ಚಪಾತಿ, ಹೆಸರುಕಾಳು ಪಲ್ಯ, ಅರ್ಧ ಬಟ್ಟಲು ಮೊಸರು. ಎಷ್ಟು ಹಾಕಲಿ?"

ಅವಳು ನನ್ನ ಕೈಯಲ್ಲಿದ್ದ ಪೆನ್ನು ನೋಡಿದಳು. ಹೊಸ ಸೂಜಿ ಕೂಡಿಸಿದ್ದೆ, ಎರಡು ಗಾಳಿಗೆ ಬಿಟ್ಟಿದ್ದೆ.

"ನಿಮಗ್ಯಾರು ಕಲಿಸಿದ್ರು?"

"ಜಹನಾರಾ ಅತ್ತೆ ಹೊಟ್ಟೆ."

ನಗಲಿಲ್ಲ. ಯಂತ್ರದ ಅಂಕೆ ನೋಡಿದಳು, ತಟ್ಟೆ ನೋಡಿದಳು.

"ಮೂರು" ಎಂದಳು.

ಮೂರಕ್ಕೆ ತಿರುಗಿಸಿ ಅವಳ ಮುಖದ ಮುಂದೆ ಹಿಡಿದೆ. ಹೂಂ ಎಂದಳು. ಮಗುವಿನ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದೆ. ಮಗುವೇ ಹತ್ತು ಎಣಿಸಿತು.

ಶೀತಲ್ ಆಗ ಅತ್ತಳು. "ಅವತ್ತ ನಾ ನಿಮ್ಮ ಮಾತ ಕೇಳಬಾರದಿತ್ರಿ ಅತ್ತಿ" ಎಂದಳು.

"ಹೌದು. ಕೇಳಬಾರದಿತ್ತು" ಎಂದೆ.

ಸೋಮವಾರ ಅವಳು ಪತ್ರ ಕೊಡಲಿಲ್ಲ. ಒಂದು ಗಂಟೆಗೆ ಮನೆಗೂ ಬರಲಿಲ್ಲ, ವಿಡಿಯೋ ಕಾಲ್ ಮಾಡಿದಳು. ಅಂಕೆ ಕೇಳಿದಳು, ತಟ್ಟೆಯಲ್ಲಿ ಏನಿದೆ ಕೇಳಿದಳು, ಎಷ್ಟು ಹಾಕಬೇಕೆಂದು ಹೇಳಿದಳು. ನಾನು ತಿರುಗಿ ಹೇಳಿ, ಪೆನ್ನನ್ನು ಫೋನಿಗೆ ತೋರಿಸಿ ಹಾಕಿದೆ. ಈಗ ವಾರಕ್ಕೆ ಐದು ದಿನ ಹಾಗೇ ನಡೆಯುತ್ತಿದೆ. ಶನಿವಾರ, ಭಾನುವಾರ ಅವಳು ಮನೆಯಲ್ಲಿರುತ್ತಾಳೆ. ಆ ಎರಡು ದಿನ ಅವಳೇ ಹಾಕುತ್ತಾಳೆ, ನಾನು ಪೆನ್ನು ಮುಟ್ಟುವುದಿಲ್ಲ.