ಬಡಗಿಯ ಎದೆಯ ಗಂಟು

ಬೈರಿಗೆಯ ಹಿಡಿಯನ್ನು ಎದೆಗೆ ಒತ್ತಿಕೊಂಡು ಮರ ಕೊರೆಯುವುದು ಆ ಶೆಡ್ಡಿನ ಬಡಗಿಗಳ ರೂಢಿ. ಹಾಗಾಗಿ ಮೊಲೆತೊಟ್ಟಿನ ಅಡಿಯಲ್ಲಿ ಎದ್ದ ಗಂಟನ್ನು ಹಿರಿಯ ಬಡಗಿ ಹಿಡಿ ಒತ್ತಿ ಒತ್ತಿ ಕಟ್ಟಿದ ಜಡ್ಡೆಂದೇ ತಿಳಿದು ಸುಮ್ಮನಿದ್ದ. ಅಂಗಿಯಲ್ಲಿ ರಕ್ತದ ಕಲೆ ಕಂಡ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಸೂಜಿ ಚುಚ್ಚಿ ಪರೀಕ್ಷಿಸಿದಾಗ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು.

"ಗಂಡಸರಿಗೂ ಬರುತ್ತಾ ಡಾಕ್ಟ್ರೇ?"

"ಅಪರೂಪಕ್ಕೆ ಬರುತ್ತೆ. ಇನ್ನೂ ಹರಡಿಲ್ಲ, ಬೇಗ ಆಪರೇಷನ್ ಮಾಡಿಸ್ಕೊಳ್ಳಿ."

ಅವನು ಒಪ್ಪಲಿಲ್ಲ. "ಹೆಂಗಸರ ಕಾಯಿಲೆ ಅಂತ ಜೊತೆಯವರು ಆಡ್ಕೊಂಡು ನಗ್ತಾರೆ ಕಣೇ," ಎಂದು ಮನೆಗೆ ಬಂದು ಮುಸುಕೆಳೆದು ಮಲಗಿದ.

ಹೆಂಡತಿ ನೇರವಾಗಿ ಶೆಡ್ಡಿಗೇ ಹೋಗಿ ಎಲ್ಲವನ್ನೂ ಹೇಳಿ ಬಂದಳು.

"ಮಾನ ಕಳೆದ್ಯಲ್ಲೇ! ಎಷ್ಟು ನಕ್ರು?"

"ಯಾರೂ ನಗ್ಲಿಲ್ಲ ರೀ. ಎಲ್ರೂ ಅಂಗಿಯೊಳಗೆ ಕೈ ಹಾಕಿ ತಮ್ತಮ್ಮ ಎದೆ ತಡವಿಕೊಂಡ್ರು."

ಬಡಗಿ ಮುಸುಕು ಸರಿಸಿ, ಆಸ್ಪತ್ರೆಗೆ ಹೊರಡಲು ಎದ್ದ.